ವರ್ನೆಲ್ ಮುಟ್ಟದ ಕೇಕು

ಹದಿನೆಂಟು ತುಂಬಿದ ವರ್ಷ ವರ್ನೆಲ್ ಗೇದರ್ ಒಂದು ಮಾತು ಕೊಟ್ಟಿದ್ದರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅವರನ್ನು ಕಚೇರಿಗೆ ಕರೆದೊಯ್ದವರು ನೆರೆಮನೆಯ ಓಝೆಲಾ ಟಬ್ಸ್. ವಾಪಸು ಬರುವ ದಾರಿಯಲ್ಲಿ ಹುಡುಗಿ ವರ್ನೆಲ್ ಹೇಳಿದ್ದಳು: "ನಿಮ್ಗೆ ನಡೆಯೋಕಾಗ್ದೇ ಇರೋ ಕಾಲ ಬಂದ್ರೂ ನಿಮ್ಮ ವೋಟು ತಪ್ಪೋಕೆ ನಾನು ಬಿಡಲ್ಲ, ಓಝೆಲಾ ಅಮ್ಮ."

ಈಗ ವರ್ನೆಲ್‌ಗೆ ಅರವತ್ತು ದಾಟಿದೆ. ಅಮೆರಿಕದ ಅಲಬಾಮಾ ರಾಜ್ಯದ ಪೆಂಡ್ರಿ ಕೌಂಟಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತಾವು ಓಡಿಸುವ ಹಳದಿ ಶಾಲಾ ಬಸ್ಸಿನ ಮುಂಗಾಜಿನ ಮಂಜನ್ನು ಅವರು ಸ್ವೆಟರಿನ ತೋಳಿನಲ್ಲೇ ಒರೆಸುತ್ತಾರೆ. ಇದನ್ನು ಬರೆಯುತ್ತಿರುವ ನನ್ನ ಮಗಳೂ ಅದೇ ಬಸ್ಸಿನವಳು; ಅವಳು ನಿದ್ದೆಗಣ್ಣಲ್ಲಿ ಬಸ್ಸು ಹತ್ತಿದರೆ, "ಶೂ ಎಡಬಲ ಆಗಿದೆ ನೋಡೇ ರಾಣಿ," ಎನ್ನುತ್ತಾರೆ. ಅದನ್ನು ಮನೆಯಲ್ಲಿ ನಾನು ಗಮನಿಸಿರುವುದಿಲ್ಲ.

ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ್ದು ಶುರುವಾಗುವವರೆಗೆ ವರ್ನೆಲ್‌ಗೆ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿಲ್ಲ. ಹಾಸಿಗೆ ಹಿಡಿದವರ, ಕಣ್ಣು ಮಂಜಾದವರ ಮನೆಗಳಿಗೆ ಹೋಗಿ ಅಂಚೆ ಮತಪತ್ರದ ಅರ್ಜಿ ತುಂಬಿಸುವುದು. ಹಿಂದೆಲ್ಲ ಆ ಅರ್ಜಿಗಳನ್ನು ತಾವೇ ಒಯ್ದು ಕಚೇರಿಯಲ್ಲಿ ಕೊಟ್ಟು ಬರುತ್ತಿದ್ದರು. ಹೊಸ ಕಾನೂನು ಬಂದ ಮೇಲೆ ಹಾಗೆ ಒಯ್ಯುವಂತಿಲ್ಲ. ಸಹಾಯಕ್ಕೆ ಪ್ರತಿಯಾಗಿ ಉಡುಗೊರೆ ಪಡೆದರೆ ಜೈಲು.

ನಮ್ಮಲ್ಲಿ ತೊಡಕಾದದ್ದು ಇದೇ. ಉಪಕಾರ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವ ಮನೆ ಈ ಊರಲ್ಲಿಲ್ಲ. ಹೋದ ವಸಂತದ ಚುನಾವಣೆಯಲ್ಲಿ ಯಾರೋ ಸಿಹಿಗೆಣಸು ತುಂಬಿ ಬೇಯಿಸಿದ ಪೈ ಕಟ್ಟಿಕೊಟ್ಟರು, ವರ್ನೆಲ್ ಎಂದಿನಂತೆ ಕಂಕುಳಲ್ಲಿಟ್ಟುಕೊಂಡು ಬಂದರು. ಅದನ್ನು ಯಾರೋ ನೋಡಿದರು. ವಾರದೊಳಗೆ ಶೆರಿಫ್ ಕಚೇರಿಯ ಪೊಲೀಸನೊಬ್ಬ ಬಾಗಿಲಿಗೆ ಬಂದ.

"ಪೈ ಎಲ್ಲಿ ಅಂದ. ತಿಂದಾಯ್ತಪ್ಪ ಅಂದೆ. ಅವ್ನಿಗೂ ನಗು ತಡೆಯೋಕಾಗ್ಲಿಲ್ಲ. ಆದ್ರೆ ಹೋಗುವಾಗ ನಗ್ಲಿಲ್ಲ. ಇನ್ನೊಂದ್ಸಲ ಆದ್ರೆ ಬಸ್ಸಿನ ಕೆಲ್ಸ ಮರೆತ್ಬಿಡಿ ಅಂದ," ಎನ್ನುತ್ತಾರೆ ವರ್ನೆಲ್.

ಅಂದಿನಿಂದ ಅವರು ಯಾರ ಮನೆಯಲ್ಲೂ ನೀರಿಗಿಂತ ಹೆಚ್ಚಿನದನ್ನು ಮುಟ್ಟುವುದಿಲ್ಲ. ಚರ್ಚಿನ ಊಟದಲ್ಲಿ ಹಿರಿಯ ಲೂಷಿಯಸ್ ಕೂಗುತ್ತಾರೆ: "ವರ್ನೆಲ್ ಮುಂದೆ ತಟ್ಟೆ ಇಡ್ಬೇಡ್ರಪ್ಪೋ, ಕೋಳಿಕಾಲಿಗೂ ಕೇಸು ಹಾಕ್ತಾರೆ!" ಎಲ್ಲರೂ ನಗುತ್ತಾರೆ. ಮರುದಿನ ಬಾಗಿಲು ತೆರೆಯುವವರು ಮಾತ್ರ ಕಡಿಮೆ. ತಿನ್ನದವಳಿಂದ ಸಹಾಯ ಪಡೆದರೆ ಅದು ಭಿಕ್ಷೆ ಎಂದು ಕೆಲವರಿಗೆ.

ಓಝೆಲಾ ಅವರಿಗೂ ಹಾಗೆಯೇ. ತೊಂಬತ್ತು ದಾಟಿದ ಅವರಿಗೆ ಬೇಸಿಗೆಯಲ್ಲಿ ಸೊಂಟದ ಮೂಳೆ ಮುರಿಯಿತು. ಹತ್ತಿರದ ಶಾಲೆಯಲ್ಲಿದ್ದ ಮತಗಟ್ಟೆಯನ್ನು ಮುಚ್ಚಿ ನದಿಯಾಚೆಗೆ ಸಾಗಿಸಿದ್ದಾರೆ. ಹಾಗೆ ತೀರ್ಮಾನಿಸಿದ ಸಭೆಯಲ್ಲಿ ಈಚೆ ದಡದವರು ಒಬ್ಬರೂ ಇರಲಿಲ್ಲ. ಅಷ್ಟು ದೂರ ಅವರು ಕಾರಿನಲ್ಲಿ ಕೂತು ಹೋಗಲಾರರು. ಉಳಿದದ್ದು ಅಂಚೆ ಮತ. ಅಕ್ಟೋಬರಿನಲ್ಲಿ ವರ್ನೆಲ್ ಅರ್ಜಿ ಹಿಡಿದು ಹೋದಾಗ ಮೇಜಿನ ಮೇಲೆ ಕ್ಯಾರಮೆಲ್ ಕೇಕು ಕಾದಿತ್ತು. ಓಝೆಲಾ ವಾಕರ್ ಹಿಡಿದು ನಿಂತು ಮಾಡಿದ್ದು.

"ಮೊದ್ಲು ತಿನ್ನು. ಆಮೇಲೆ ಪೆನ್ನು."

"ಎಲೆಕ್ಷನ್ ಮುಗೀಲಿ ಅಮ್ಮ. ಆಮೇಲೆ ಇಡೀ ಕೇಕು ನಾನೊಬ್ಳೇ ತಿಂತೀನಿ."

"ಈ ವಯಸ್ಸಿನವ್ಳಿಗೆ ಆಮೇಲೆ ಅಂತೀಯಲ್ಲೇ! ಜನ್ಮದಲ್ಲಿ ಯಾರ ಹತ್ರಾನೂ ಪುಕ್ಕಟೆ ಕೆಲ್ಸ ಮಾಡಿಸ್ಕೊಂಡವ್ಳಲ್ಲ ನಾನು."

"ಕೆಲ್ಸ ಹೋಗತ್ತೆ ಅಮ್ಮ. ಮೊಮ್ಮಕ್ಕಳು ನನ್ನ ಮನೇಲೇ ಇದಾರೆ."

"ಹಾಗಾದ್ರೆ ಕಾಗದ ಇಲ್ಲಿಟ್ಟು ಹೋಗು. ನಂಗೂ ಓದೋಕೆ ಬರತ್ತೆ."

ಅಂಗವಿಕಲರಿಗೆ ಸಹಾಯ ಮಾಡಲು ವಿನಾಯಿತಿ ಇದೆಯಂತೆ. ವರ್ನೆಲ್ ಚುನಾವಣಾ ಕಚೇರಿಗೆ ಹೋಗಿ ಕೇಳಿದರು. ಅಲ್ಲಿಯವರು ಹೌದು ಎಂದರು. ಕೇಕು ತಿನ್ನಬಹುದೇ ಎಂದು ವರ್ನೆಲ್ ಕೇಳಿದರು. ಅದನ್ನು ವಕೀಲರನ್ನು ಕೇಳಿ ಎಂದರು. ಬರೆದು ಕೊಡಿ ಎಂದಾಗ ಕಿಟಕಿಯ ಹಿಂದಿನ ಹೆಂಗಸು, "ನನ್ಗೂ ಕೆಲ್ಸ ಬೇಕಲ್ವಾ ಅಕ್ಕ," ಎಂದು ತಲೆ ತಗ್ಗಿಸಿದರು.

ಓಝೆಲಾ ಅರ್ಜಿಯನ್ನು ತಾವೇ ತುಂಬಿ ಅಂಚೆಗೆ ಹಾಕಿದರು. ಗುರುತಿನ ಚೀಟಿಯ ನಕಲು ಇಡಲಿಲ್ಲ. ಅದು ಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಕೇಕಿನ ಜಗಳದಲ್ಲಿ ವರ್ನೆಲ್‌ಗೂ ಹೇಳಲು ಮರೆತಿತ್ತು. ಲಕೋಟೆ ಹಿಂತಿರುಗಿ ಬಂದಾಗ ಅರ್ಜಿಯ ಕೊನೆಯ ದಿನ ಕಳೆದಿತ್ತು.

"ಒಂದು ತುಂಡು ತಿಂದಿದ್ರೆ ಆಗ್ತಿತ್ತು," ಎನ್ನುತ್ತಾರೆ ವರ್ನೆಲ್, ಬಸ್ಸಿನ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತ. "ತಿಂದಿದ್ರೆ ಏನಾಗ್ತಿತ್ತೋ ಅದೂ ಗೊತ್ತಿಲ್ಲ. ಬೇರೆ ಹನ್ನೊಂದು ಜನರ ಅರ್ಜಿ ಹೋಗಿದೆ, ಅದನ್ನೂ ಬರ್ಕೊಳ್ಳಿ."

ನವೆಂಬರಿನ ಆ ಮಂಗಳವಾರ ಓಝೆಲಾ ಟಬ್ಸ್ ಮತ ಹಾಕಲಿಲ್ಲ. ವರ್ನೆಲ್ ಕೊಟ್ಟ ಮಾತು ತಪ್ಪಿತು.