ಕಾಮಾಲೆಗಷ್ಟೇ ಔಷಧ

ಮೊನ್ನೆ ಗೋಕಾಕದ ಔಷಧಿ ಅಂಗಡಿಯವನು ಗಿರಾಕಿಗೆ ತೋರಿಸಲು ಪ್ರೋಟೀನ್ ಪುಡಿಯ ಡಬ್ಬಿ ತೆರೆದ. ಚಾಕಲೇಟಿನ ಆ ಹಿಟ್ಟುಹಿಟ್ಟಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಕಾಕಾ ನೆನಪಾದರು.

ಕಾಕಾ ಒಂದು ಕಾಲದ ಪೈಲವಾನರು. ಕುಸ್ತಿ ಬಿಟ್ಟ ಮೇಲೆ ಹೊಟ್ಟೆ ಬಂದಿತ್ತು, ಸಕ್ಕರೆ ಕಾಯಿಲೆಯೂ. ಮದುವೆಯಾಗಿರಲಿಲ್ಲ. ರವಿವಾರ ಹುಕ್ಕೇರಿಯಿಂದ ಅವರ ಗೆಳೆಯ ಬರುತ್ತಿದ್ದರು. ಇಬ್ಬರೂ ಬರಿಮೈಯಲ್ಲಿ ಕಟ್ಟೆಯ ಮೇಲೆ ಕೂತು ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದರು. ಓಣಿಯವರು ನಗುತ್ತಿದ್ದರು.

"ನಗ್ಲಿ ಬಿಡು," ಎನ್ನುತ್ತಿದ್ದರು ಕಾಕಾ. "ಹೊಟ್ಟಿ ನಂದು, ಗೆಳೆಯಾನೂ ನನ್ನಾಂವ."

ಎರಡು ಸಾವಿರದ ಇಸವಿ ದಾಟಿದ ಹೊಸತು... ನಾನಿನ್ನೂ ಕಾಲೇಜಿನಲ್ಲಿದ್ದ ಸಣಕಲ. ಮೂಡಲಗಿಯ ಒಬ್ಬನ ಮೇಲೆ ಮನಸ್ಸಿಟ್ಟಿದ್ದೆ. ಒಮ್ಮೆ ಅವನು ನನ್ನ ಪಕ್ಕೆಲುಬು ಮುಟ್ಟಿ, "ಇಂಥಾ ಮೈ ಯಾರಿಗೆ ಬೇಕೋ," ಎಂದ. ಮರುದಿನವೇ ಜಿಮ್ ಸೇರಿದೆ. ಪುಡಿ ಕುಡಿದೆ. ಅದು ಸಾಲದೆಂದು ಅಲ್ಲಿ ಕೊಟ್ಟ ಗುಳಿಗೆ ನುಂಗಿದೆ, ಸೂಜಿ ಚುಚ್ಚಿಸಿಕೊಂಡೆ. ತೋಳು ಉಬ್ಬಿದವು, ಮೂಡಲಗಿಯವನೂ ಹತ್ತಿರ ಬಂದ. ಆಮೇಲೆ ಊಟ ಸೇರದಾಯಿತು. ಕಣ್ಣು ಹಳದಿಯಾದವು.

ಕಾಕಾ ಬಂದು ನನ್ನ ತೋಳು ಒತ್ತಿ ನೋಡಿದರು. "ಇದು ರೊಟ್ಟಿ ತಿಂದು ಬಂದ ತೋಳಲ್ಲ. ಏನ್ ತಗೊಂಡಿ, ಖರೆ ಹೇಳು." ಹೇಳಿದೆ. ಅಂದೇ ಘಟಪ್ರಭಾದ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ಚೆನ್ನಾಗಿ ಬೈದು, "ಹುಡುಗ್ಯಾರಿಗೆ ತೋರ್ಸಾಕ ಇಷ್ಟೆಲ್ಲಾ ಬೇಕಾಗಿತ್ತೇನು?" ಎಂದು ನಕ್ಕರು. ಕಾಕಾ ನನ್ನತ್ತ ನೋಡಿದರು. ಎಲ್ಲಿಂದ ಧೈರ್ಯ ಬಂತೋ...

"ಹುಡುಗ್ಯಾರಿಗಲ್ರಿ. ನನ್ನ ಮನಸು ಹುಡುಗ್ರ ಮ್ಯಾಲ ಐತಿ."

ಡಾಕ್ಟರ ನಗು ನಿಂತಿತು. "ಹಂಗಾದ್ರ ಅದಕ್ಕೂ ಬ್ಯಾರೆ ಕಡೆ ತೋರಿಸ್ಬೇಕಾಗತೈತಿ."

"ನಂದೂ ಹಂಗ ಐತ್ರಿ," ಎಂದರು ಕಾಕಾ, ದನಿ ಏರಿಸದೆ. "ಅದಕ್ಕ ಔಷಧ ಬ್ಯಾಡ. ಕಾಮಾಲಿಗೆ ಬರ್ದು ಕೊಡ್ರಿ."

ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ನಾನು ಅತ್ತೆ. ಕಾಕಾ ಪಕ್ಕದಲ್ಲಿ ಕೂತು ಹೇಳಿದರು: "ಯಾರಿಗೂ ಗೊತ್ತಾಗಬಾರ್ದಂತ ನಾನೂ ಮೈ ಬೆಳಸಿದ್ನಿ. ಊರೆಲ್ಲಾ ನೋಡಿ ಶಭಾಷ್ ಅಂತು. ನಾ ಮಾತ್ರ ಒಳಗ ಹೆದರಿಕೊಂಡ ಇದ್ನಿ."

ಚೇತರಿಸಿಕೊಳ್ಳುವಷ್ಟರಲ್ಲಿ ತೋಳು ಇಳಿದವು. ಮೂಡಲಗಿಯವನು ನೋಡಿ, "ಮತ್ತ ಸೊರಗಿದೆಲ್ಲೋ," ಎಂದ. "ಹೌದು, ನಾ ಇರೋದ ಹಿಂಗ," ಎಂದೆ. ಅವನು ಹೋದ. ನಾನು ಕರೆಯಲಿಲ್ಲ.

ಕೆಲವು ವರ್ಷಗಳಾದ ಮೇಲೆ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಸಂಬಂಧಿಕರು ಹುಕ್ಕೇರಿಯ ಗೆಳೆಯನನ್ನು ದೂರ ನಿಲ್ಲಿಸಿದ್ದರು. ನಾನು ಕೈ ಹಿಡಿದು ಅವರನ್ನು ಮುಂದೆ ಕರೆತಂದೆ. "ಇವರು ಹೆಗಲು ಕೊಡಲಿಲ್ಲಂದ್ರ ಚಟ್ಟಾ ಎತ್ತಾಂಗಿಲ್ಲ," ಎಂದೆ. ಸಿಡಿಮಿಡಿಗೊಂಡರು, ಕಡೆಗೆ ಜಾಗ ಬಿಟ್ಟರು.

ಈಗ ಆ ಗೆಳೆಯರೂ ಇಲ್ಲ. ನಾನು ಇಂದಿಗೂ ಸಣಕಲನೇ. ಬೇಸಿಗೆಯಲ್ಲಿ ಅಂಗಿ ಕಳಚಿ ಹೊಳೆಗೆ ಇಳಿಯುತ್ತೇನೆ, ನೋಡುವವರು ನೋಡಲಿ ಎಂದು. ಆದರೆ ಈಜಿ ಮೇಲೆ ಬಂದಾಗ, ಇವತ್ತೂ ನಾನು ಹೆದರಲಿಲ್ಲ ಎಂದು ಹೋಗಿ ಹೇಳಲು ಬಾಜೂ ಮನೆಯಲ್ಲಿ ಯಾರೂ ಇಲ್ಲ...