ಮೋತ್ಯಾನಿಗೆ ಅನ್ನ ಸೇರಿದ ದಿನ

ಮೂರು ಗಂಟೆಗೆ ಮೋತ್ಯಾನಿಗೆ ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಬೇಕಿತ್ತು. ಆಗಿನ್ನೂ ಹನ್ನೆರಡೂವರೆ.

ಕುಷ್ಟಗಿ ಸೀಮೆಯ ದಾಳಿಂಬೆ ತೋಟವೊಂದನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಗವಿಸಿದ್ದಪ್ಪ, ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಕೊಪ್ಪಳದ ದನದ ದವಾಖಾನೆಯಿಂದ ಹೊರಬಿದ್ದ. ಕಾಡುಹಂದಿ ಅವನ ಮೇಲೆ ಎರಗಿದಾಗ ಅಡ್ಡ ಬಂದದ್ದು ಮೋತ್ಯಾ. ಹೊಟ್ಟೆ ಸೀಳಿತ್ತು, ಗಾಯಕ್ಕೆ ಹುಳ ಬಿದ್ದಿತ್ತು. "ಉಳಿಯೂದಿಲ್ಲ ಯಜಮಾನ್ರ. ನರಳ್ಸೂದು ಬ್ಯಾಡ," ಎಂದಿದ್ದರು ಡಾಕ್ಟರು.

ಹೋಗುವ ಜೀವ ಹೊಟ್ಟೆ ತುಂಬಿಕೊಂಡು ಹೋಗಲಿ ಎನಿಸಿತು ಗವಿಸಿದ್ದಪ್ಪನಿಗೆ. ಅದೂ ಬೀದಿಗೆ ಎಸೆದ ತುಂಡಲ್ಲ, ತನ್ನ ಪಕ್ಕದಲ್ಲಿ ಕೂತು ಉಣ್ಣಬೇಕು. ನಾಯಿಗೆ ಹೋಟೆಲು ಹುಡುಕುವವನನ್ನು ಊರು ಹುಚ್ಚನೆನ್ನದೆ ಬಿಡುತ್ತದೆಯೇ?

ಮೊದಲು ಒಂದು ಖಾನಾವಳಿಗೆ ಹೋದ. ರೊಟ್ಟಿ ಬಡಿಯುತ್ತಿದ್ದ ಪಾರ್ವತೆಮ್ಮ ಮೂಗಿಗೆ ಸೆರಗು ಹಿಡಿದಳು. "ಯಪ್ಪಾ, ಗಾಯ ನಾರಾಕತ್ತೈತಿ. ಉಣ್ಣೋ ಮಂದಿ ಎದ್ದು ಹೋಗ್ತಾರ." ಅವಳದು ತಪ್ಪೆನ್ನಲು ಬರುವುದಿಲ್ಲ. ಮುಂದೆ ಎಸಿ ಹೋಟೆಲು. ಅಲ್ಲಿ ಹೆಣ್ಣುಮಗಳೊಬ್ಬಳ ತೊಡೆಯ ಮೇಲೆ ಬಿಳಿ ನಾಯಿಮರಿಯೊಂದು ಐಸ್‌ಕ್ರೀಮು ನೆಕ್ಕುತ್ತಿತ್ತು. "ಅದು ಬ್ಯಾರೆ ರೀ, ಜಾತಿ ನಾಯಿ," ಎಂದ ಬಾಗಿಲು ಕಾಯುವವ. ನಾಯಿಯನ್ನೂ ಬಿಡಲಿಲ್ಲವಲ್ಲ ಈ ಜನ!

ಉಳಿದದ್ದು ಜಿಲಾನಸಾಬನ ತಗಡಿನ ಮಟನ್ ಹೋಟೆಲು. ಕೊರಳಲ್ಲಿ ಲಿಂಗವಿದ್ದ ಗವಿಸಿದ್ದಪ್ಪ ಅಂಥ ಹೊಸ್ತಿಲು ತುಳಿದವನಲ್ಲ. ಎದುರಿನ ಬೇವಿನ ಗಿಡದ ಕೆಳಗೆ ಅರ್ಧ ತಾಸು ನಿಂತ. ಆಮೇಲೆ ಲಿಂಗವನ್ನು ಅಂಗಿಯೊಳಗೆ ಸರಿಸಿಕೊಂಡು ನಡೆದೇಬಿಟ್ಟ.

"ಹಿತ್ತಲದಾಗ ಕುಂದರ್ರಿ ಅಜ್ಜಾರ, ನೆಳ್ಳ ಐತಿ," ಎಂದ ಜಿಲಾನಸಾಬ, ತಾನೇ ಸೂಪಿನಲ್ಲಿ ಅನ್ನ ಕಲಸಿ ತಂದ.

ನಾಲ್ಕು ದಿನದಿಂದ ನೀರೂ ಮುಟ್ಟದ ಮೋತ್ಯಾ ಮೂಸಿತು, ನೆಕ್ಕಿತು, ಪೂರಾ ತಿಂದಿತು. ಬಾಲವನ್ನೂ ಎರಡು ಸಲ ಆಡಿಸಿತು. ಗವಿಸಿದ್ದಪ್ಪ ತನ್ನ ಬುತ್ತಿಯ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಗಳಗಳನೆ ಅತ್ತು, ಮೋತ್ಯಾನ ಕತೆ, ಡಾಕ್ಟರು ಅಂದದ್ದು ಎಲ್ಲ ಹೇಳಿಬಿಟ್ಟ.

"ಅನ್ನ ಸೇರಿದ ಜೀವ ಹೋಗೂದಿಲ್ರಿ," ಎಂದ ಜಿಲಾನಸಾಬ.

ಅವ್ವನೂ ಹಾಗೇ ಅನ್ನುತ್ತಿದ್ದಳು. ಆರುವ ದೀಪ ಒಮ್ಮೆ ಜೋರಾಗಿ ಉರಿಯುತ್ತದೆ ಎಂಬುದೂ ಗವಿಸಿದ್ದಪ್ಪನಿಗೆ ಗೊತ್ತಿದ್ದ ಮಾತೇ. ಆದರೆ ಮನುಷ್ಯನಿಗೆ ಬೇಕಾದ ಮಾತೇ ಮೊದಲು ನೆನಪಾಗುತ್ತದೆ. ಮೂರು ಗಂಟೆಗೆ ಅವನು ದವಾಖಾನೆಯಲ್ಲಿರಲಿಲ್ಲ, ಕುಷ್ಟಗಿ ದಾರಿಯ ಟಂಟಂ ಗಾಡಿಯಲ್ಲಿದ್ದ.

ಮೋತ್ಯಾ ಮತ್ತೆ ಏನನ್ನೂ ಮುಟ್ಟಲಿಲ್ಲ. ಐದು ದಿನ ಊಳಿಟ್ಟಿತು. ಎತ್ತಲು ಹೋದರೆ ಅವನನ್ನೇ ಕಚ್ಚಲು ಬರುತ್ತಿತ್ತು. ಇನ್ನು ಗಾಡಿ ಹತ್ತಿಸುವುದೆಲ್ಲಿ? "ನಂದ ತಪ್ಪಾತು, ನಂದ ತಪ್ಪಾತು," ಎಂದು ಅವನು ದೂರ ಕೂತು ಹಣೆ ಬಡಿದುಕೊಂಡ. ಆರನೆಯ ಬೆಳಿಗ್ಗೆ ನಾಯಿ ಸುಮ್ಮನಾಯಿತು.

ತಿಂಗಳಾದ ಮೇಲೆ ತೋಟಕ್ಕೆ ಔಷಧಿ ತರಲು ಕೊಪ್ಪಳಕ್ಕೆ ಹೋದಾಗ ಜಿಲಾನಸಾಬ ದೂರದಿಂದಲೇ ಕರೆದ. "ಅಜ್ಜಾರ, ಮೋತ್ಯಾ ಹೆಂಗೈತ್ರಿ?" ಉತ್ತರಕ್ಕೂ ಕಾಯದೆ ಗಿರಾಕಿಗಳ ಕಡೆ ತಿರುಗಿದ. "ಡಾಕ್ಟ್ರು ಕೈಬಿಟ್ಟ ನಾಯಿ ನೋಡ್ರಿ, ನಮ್ಮ ಸೂಪಿನ ಮ್ಯಾಲ ಬದುಕೇತಿ!"

ಅವನ ಮುಖ ಅರಳಿತ್ತು.

"ಆರಾಮ ಐತ್ರಿ," ಎಂದ ಗವಿಸಿದ್ದಪ್ಪ.

ಜಿಲಾನಸಾಬ ಮೋತ್ಯಾನಿಗೆಂದು ಎಲುಬು ಕಟ್ಟಿಕೊಟ್ಟ. ಆ ಪೊಟ್ಟಣವನ್ನು ಗವಿಸಿದ್ದಪ್ಪ ಕುಷ್ಟಗಿಯ ತನಕ ತೊಡೆಯ ಮೇಲಿಟ್ಟುಕೊಂಡು ಬಂದ. ಎಲ್ಲಿಯೂ ಎಸೆಯಲು ಕೈ ಬರಲಿಲ್ಲ.