ಎರಡು ಸಲ ಕಟ್ಟಿದ ತೊಟ್ಟಿಲು

ಮಗಳಿಗೆ ಹೆಸರಿಟ್ಟ ದಿನದಿಂದ ನನ್ನಲ್ಲಿ ಉಳಿದಿರುವುದು ಒಂದು ಸದ್ದು. ಬೆನ್ನಿನ ಮೇಲೆ ಮುಷ್ಟಿಗಳು ಬೀಳುವ ಸದ್ದು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ ಹೆಸರು ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದುವುದು ತಮಾಷೆಗೇ, ಆದರೆ ಕೆಲವರು ಸ್ವಲ್ಪ ಮನಸ್ಸಿಟ್ಟೇ ಗುದ್ದುತ್ತಾರೆ. ನ್ಯಾಮತಿಯಲ್ಲಿ, ನನ್ನ ಮಾವನವರ ಮನೆಯ ಪಡಸಾಲೆಯಲ್ಲಿ, ನನ್ನ ಅಕ್ಕ ಹಾಗೆ ಬಗ್ಗಿದ್ದು, ಗುದ್ದಿಸಿಕೊಂಡದ್ದು, "ಅಯ್ಯಯ್ಯೋ ಸಾಕ್ರೇ" ಎಂದು ನಗುತ್ತಲೇ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ.

ನೆನಪಿದೆ ಎಂದು ಬರೆದು ಪೆನ್ನು ಕೆಳಗಿಟ್ಟೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಚನ್ನಗಿರಿಯ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದವನು ನಾನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ, ಅವನಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿ ಎಂದು ಹುಡುಗರಿಗೆ ಹೇಳುತ್ತಲೇ ಬಂದೆ. ಆ ಒಬ್ಬ ಸಾಕ್ಷಿ ನಾನೇ ಆದಾಗ ಏನು ಮಾಡಬೇಕು ಎಂಬ ಪ್ರಶ್ನೆ ಏಳಲು ಮಗಳಿಗೆ ಕೆಲಸ ಸಿಗಬೇಕಾಯಿತು.

ಅವಳು ಸರ್ಕಾರಿ ಪ್ರೌಢಶಾಲೆಗೆ ಶಿಕ್ಷಕಿಯಾಗಿ ಆಯ್ಕೆಯಾದಳು. ಮುಂದಿನ ತಿಂಗಳು ದಾಖಲೆ ಪರಿಶೀಲನೆಗೆ ತರಬೇಕಾದ ಕಾಗದಗಳಲ್ಲಿ ಜನನ ಪ್ರಮಾಣಪತ್ರವೂ ಇತ್ತು. ಅಷ್ಟು ವರ್ಷ ಅದರ ಗೊಡವೆಯೇ ಬೇಕಾಗಿರಲಿಲ್ಲ. ಹೊಸ ನಕಲು ತೆಗೆಸಿ ನೋಡಿದರೆ ತಂದೆ ತಾಯಿಯ ಹೆಸರು ಸರಿ, ಹುಟ್ಟಿದ ತಾರೀಖು ಸರಿ, ಮಗುವಿನ ಹೆಸರು ಮಾತ್ರ ಬೇರೆ. ನಾವು ಅವಳನ್ನು ಎಂದೂ ಕರೆಯದ, ಹಳೆಯ ಕಾಲದ ಒಂದು ಹೆಸರು.

"ಯಾರದೋ ನಕಲು ಕೊಟ್ಟಿದ್ದಾರೆ" ಎಂದೆ.

ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು. "ಇವಳದೇ ರೀ. ಅಪ್ಪಾಜಿ ಇಟ್ಟ ಹೆಸರು ಇದು. ನಿಮ್ಮಕ್ಕ ಬರೋದು ತಡ ಆತಲ್ಲ, ಅಷ್ಟರಾಗೆ ಇಟ್ಟಿದ್ರು."

"ಅಕ್ಕನೇ ಇಟ್ಟಿದ್ದು. ನಾನೇ ನೋಡಿದೀನಿ."

"ನೀವು ನೋಡಿದ್ದೆಲ್ಲಾ ಬರೆದಿಟ್ಟಿದ್ರೆ ದೇಶದ ಚರಿತ್ರೆನೇ ಬೇರೆ ಆಗ್ತಿತ್ತು ಬಿಡ್ರಿ."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಅವಳು ಹುಟ್ಟಿದಾಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಈಗ ಅದೇ ಒಂದು ತಾಲ್ಲೂಕು. ನ್ಯಾಮತಿಯ ಕಚೇರಿಯವರು ಹಳೆಯ ಪುಸ್ತಕಗಳೆಲ್ಲ ಹೊನ್ನಾಳಿಯಲ್ಲೇ ಇವೆ ಎಂದರು, ಹೊನ್ನಾಳಿಯವರು ನೀವು ನ್ಯಾಮತಿಯವರಲ್ಲವೇ ಎಂದರು. ಆದರೂ ಹೊನ್ನಾಳಿಯ ಜನನ ಮರಣ ವಿಭಾಗದಲ್ಲಿದ್ದ ಹೆಣ್ಣುಮಗಳು ನಮ್ಮನ್ನು ಕೂರಿಸಿ, ರೆಕಾರ್ಡ್ ರೂಮಿಗೆ ಹೋಗಿ ಹುಡುಕಿ ಬಂದರು. ಹೆಸರು ಬರೆಸಿದ್ದು ಮಗುವಿನ ತಾಯಿಯ ತಂದೆ, ಅಂದರೆ ನನ್ನ ಮಾವ.

"ಎರಡು ದಾರಿ ಐತ್ರಿ" ಎಂದರು ಆಕೆ. "ಒಂದು, ಮಗಳ ಮಾರ್ಕ್ಸ್‌ಕಾರ್ಡು, ಆಧಾರು, ಎಲ್ಲಾನೂ ಈ ಹೆಸರಿಗೆ ತಿರುಗಿಸೋದು. ಅದು ಮುಗಿಯೋವಷ್ಟರಾಗೆ ಅವರು ರಿಟೈರ್ ಆಗಿರ್ತಾರೆ. ಇನ್ನೊಂದು, ಹೆಸರು ಬರೆಸಿದೋರು ಬಂದು, ತಪ್ಪಾಗಿ ಬರೆಸಿದೀನಿ ಅಂತ ಅಫಿಡವಿಟ್ ಕೊಡೋದು. ಜೊತಿಗೆ ವಿಷಯ ಗೊತ್ತಿರೋ ಇಬ್ಬರು ಸಾಕ್ಷಿ. ಬರೆಸಿದೋರು ಅದಾರಾ?"

"ಇದ್ದಾರೆ."

"ನಿಮ್ಮ ಪುಣ್ಯ. ಇಲ್ಲಿಗೆ ಬರೋ ಅರ್ಧ ಜನಕ್ಕೆ ಬರೆಸಿದೋರ ಡೆತ್ ಸರ್ಟಿಫಿಕೇಟನ್ನೂ ನಾನೇ ಕೊಡಬೇಕಾಗ್ತದೆ."

ಕೆಲಸ ಸುಲಭವಾಯಿತೆಂದು ನಾನು ಖುಷಿಯಲ್ಲಿದ್ದೆ. ಚನ್ನಗಿರಿಗೆ ಹಿಂತಿರುಗುವ ಬಸ್ಸಿನಲ್ಲಿ ಹೆಂಡತಿ ಟಿಕೆಟ್ಟುಗಳನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು, "ತಪ್ಪಾಗಿ ಬರೆಸಿದೆ ಅಂತ ಅಪ್ಪಾಜಿ ಕೈಲಿ ಹೇಳಿಸ್ತೀರಾ?"

"ಕಾನೂನಿನ ಭಾಷೆ ಅದು. ಅದರಲ್ಲೇನಿದೆ?"

"ಅದು ಅವರ ಅವ್ವನ ಹೆಸರು ರೀ."

ನನಗದು ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದು ಮರೆತಿದ್ದೆನೋ, ಹೇಳಲಾರೆ. ಮಾವನ ತಾಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕಂಡವರ ಹೊಲದಲ್ಲಿ ಕಳೆ ತೆಗೆದು ಮಗನನ್ನು ಓದಿಸಿದವರು ಎಂಬುದು ಮಾತ್ರ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಮುತ್ತಜ್ಜಿ ಎನ್ನುತ್ತಿದ್ದರು. ಅವರಿಗೊಂದು ಹೆಸರಿತ್ತು ಎಂದು ನಾನು ಕೇಳಿರಲೇ ಇಲ್ಲ. ಈಗ ಆ ಹೆಸರೇ ತಪ್ಪು ಎಂದು ಪ್ರಮಾಣ ಮಾಡಿ ಎಂದು ಅವರ ಮಗನನ್ನು ಕೇಳಬೇಕು. ಕೇಳದಿದ್ದರೆ ಮಗಳ ಕೆಲಸ ನಿಲ್ಲುತ್ತದೆ.

ಮೊದಲು ಸಾಕ್ಷಿಯನ್ನು ಹುಡುಕಿಕೊಂಡು ಜಗಳೂರಿನ ಬಸ್ಸು ಹತ್ತಿದೆ. ಅಕ್ಕ ಇರುವುದು ಬಿಳಿಚೋಡಿನಲ್ಲಿ. ಅಂಗಳದ ತುಂಬ ಮೆಕ್ಕೆಜೋಳದ ತೆನೆ ಹರವಿಕೊಂಡು, ನುಗ್ಗಿ ಬರುವ ಕುರಿಮರಿಗಳನ್ನು ಕೋಲಿನಿಂದ ತಿವಿಯುತ್ತಾ ಕೂತಿದ್ದಳು. ನಾನು ಅಫಿಡವಿಟ್ಟಿನ ವಿಷಯ ಹೇಳಿ, ನನ್ನ ನೆನಪನ್ನೂ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿ ಕೋಲು ಕೆಳಗಿಟ್ಟಳು.

"ಲೇ ತಮ್ಮಾ, ನೀನು ಅಲ್ಲಿ ಇರಲೇ ಇಲ್ಲ."

"ಇದ್ದೆ."

"ಎಲ್ಲಿದ್ದೆ? ಬೆಳಗಿಂದ ಹಿತ್ತಲಾಗೆ ಅಡಿಗೆಯೋರ ಹತ್ರ ಇದ್ಯಂತೆ, ಆಮೇಲೆ ಎರಡನೇ ಪಂಕ್ತಿಗೆ ಎಲೆ ಕಮ್ಮಿ ಬಿದ್ವು ಅಂತ ಸೈಕಲ್ ಹತ್ತಿ ಹೋದೋನು, ನಾನು ಗುಗ್ಗರಿ ತಿಂದು ಕೈ ತೊಳೆದ ಮೇಲೆ ಬಂದಿ."

"ಹಾಗಾದರೆ ಆ ಸದ್ದು? ನಿನ್ನ ಬೆನ್ನಿಗೆ ಗುದ್ದಿದ್ದು?"

"ಅದನ್ನ ನಾನು ಹೋದಲ್ಲಿ ಬಂದಲ್ಲಿ ಹೇಳ್ಕೊಂಡು ನಗಾಡಿದೀನಲ್ಲ, ಅದೇ ನಿನ್ನ ತಲ್ಯಾಗೆ ಕೂತಿರಬೇಕು. ಅಷ್ಟು ಓದಿದೋನು, ಯಾರ ಬೆನ್ನಿನ ಗುದ್ದು ಯಾರಿಗೆ ಕೇಳಿಸ್ತು ಅಂತ ಗೊತ್ತಾಗಲ್ವಾ?"

ಆಮೇಲೆ ಅವಳ ಕಥೆ ಹೇಳಿದಳು. ಆ ದಿನ ದಾವಣಗೆರೆಯಲ್ಲಿ ಹತ್ತಿದ ಬಸ್ಸಿನ ಟೈರು ಹರಿಹರದಲ್ಲಿ ಹೋಯಿತು. ಅವಳು ನ್ಯಾಮತಿ ಮುಟ್ಟುವ ಹೊತ್ತಿಗೆ ಒಂದು ಪಂಕ್ತಿ ಎದ್ದಿತ್ತು. ತೊಟ್ಟಿಲು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅವಳಿಗೆ ಒಬ್ಬನೇ ತಮ್ಮ, ನನಗೆ ಅದು ಮೊದಲ ಮಗು. ಮೊದಲ ಸಲ ಸಿಕ್ಕಿದ ಹೆಸರಿಡುವ ಸರದಿ ತಪ್ಪಿತಲ್ಲ ಎಂದು ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟಳಂತೆ.

"ನಿಮ್ಮತ್ತೆ ನಿಮ್ಮ ಮಾವನ ಮುಖ ನೋಡಿದ್ರು. ಅವರು ಏನೂ ಮಾತಾಡಲಿಲ್ಲ ಕಣೋ. ಎದ್ದು ಹೋಗಿ ಹಗ್ಗ ತಂದು, ಜಂತಿಗೆ ತಾವೇ ತೊಟ್ಟಿಲು ಕಟ್ಟಿದ್ರು. 'ಅಕ್ಕಾರು ಬಂದಾರೆ, ಈಗ ಹೆಸರಿಡ್ರಿ' ಅಂದ್ರು. ನನಗೇ ಕಾಯ್ತಾ ಇದ್ರು ಅಂದ್ಕೊಂಡೆ. ಆಗ್ಲೇ ಇಟ್ಟಾಗೈತೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಎಷ್ಟೋ ವರ್ಷ ಆದಮೇಲೆ ನಿಮ್ಮತ್ತೆ ಹೇಳಿದ್ರು."

"ಮೊದಲು ಇಟ್ಟಿದ್ದು ಅವರ ತಾಯಿಯ ಹೆಸರು ಅಂತ ಹೇಳಿದ್ರಾ?"

ಅಕ್ಕ ನನ್ನನ್ನೇ ನೋಡಿದಳು. ಒಂದು ಕುರಿಮರಿ ತೆನೆಗೆ ಬಾಯಿ ಹಾಕಿತು. ಅವಳು ಅದನ್ನು ಓಡಿಸಲಿಲ್ಲ.

"ಇಲ್ಲ" ಎಂದಳು. "ಗೊತ್ತಿದ್ರೆ ನಾನು ಬಗ್ತಾನೇ ಇರಲಿಲ್ಲ." ಕೋಲು ಮತ್ತೆ ಕೈಗೆ ತೆಗೆದುಕೊಂಡು, "ಸಾಕ್ಷಿಗೆ ಬರ್ತೀನಿ. ಆದ್ರೆ ಅವರ ಕೈಲಿ ತಪ್ಪು ಅಂತ ಬರೆಸಿದ್ರೆ ನಾನು ಸಹಿ ಹಾಕಲ್ಲ, ಹೇಳಿರ್ತೀನಿ."

ಮಾವ ಈಗ ಮಗನ ಬೀಜ ಗೊಬ್ಬರದ ಅಂಗಡಿಯಲ್ಲಿ ಹಗಲೆಲ್ಲ ಕೂತಿರುತ್ತಾರೆ. ಬಂದವರಿಗೆ ಬೀಜಕ್ಕಿಂತ ಹೆಚ್ಚು ಸಲಹೆ ಕೊಡುತ್ತಾರೆ ಎಂದು ಮಗನ ದೂರು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ನಾನು, ಹೆಂಡತಿ, ಮಗಳು, ಅಕ್ಕ ಒಟ್ಟಿಗೆ ಅಂಗಡಿಗೆ ಹೋದಾಗ, "ಏನು, ದಿಬ್ಬಣ ಬಂದಂಗೆ ಬಂದೀರಿ" ಎಂದು ನಕ್ಕು ಚಹಾ ತರಿಸಿದರು. ವಕೀಲರು ಬೆರಳಚ್ಚು ಮಾಡಿಸಿಕೊಟ್ಟಿದ್ದ ಕಾಗದ ನನ್ನ ಜೇಬಿನಲ್ಲಿತ್ತು. ಅದನ್ನು ಹೊರತೆಗೆಯಲು ಚಹಾ ಮುಗಿಯುವವರೆಗೂ ಆಗಲಿಲ್ಲ.

ಕೊನೆಗೆ ಹೆಂಡತಿಯೇ ವಿಷಯ ಹೇಳಿದಳು. ಮಾವ ತಾವೇ ಕೇಳಿ ತೆಗೆದುಕೊಂಡು, ಬೆಳಕಿಗೆ ಹಿಡಿದು ಓದಿದರು. 'ಮಗುವಿನ ಹೆಸರನ್ನು ಕಣ್ತಪ್ಪಿನಿಂದ ತಪ್ಪಾಗಿ ಬರೆಸಿರುತ್ತೇನೆ' ಎಂಬಲ್ಲಿ ನಿಂತರು. ಅಂಗಡಿಗೆ ಬಂದ ಯಾರೋ ಜೋಳದ ಬೀಜದ ರೇಟು ಕೇಳಿದರು. ಮಾವ ಅದೇ ಸಾಲನ್ನು ಮತ್ತೆ ಓದಿದರು.

"ಅಜ್ಜಾ, ಬ್ಯಾಡ ಬಿಡು" ಎಂದಳು ಮಗಳು. "ಬೇರೆ ಏನಾರ ದಾರಿ ಹುಡುಕೋಣ."

"ಸುಮ್ನಿರು. ಕೆಲಸ ಬಿಟ್ಟು ಏನು ಮಾಡ್ತಿ, ಇಲ್ಲಿ ಗೊಬ್ಬರ ತೂಗ್ತೀಯಾ?" ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮವ್ವ ಇದ್ದಿದ್ರೆ ಈ ಕಾಗದ ಒಲೆಗೆ ಹಾಕ್ತಿದ್ಲು. ಎಲ್ಲಿ, ಪೆನ್ ಕೊಡ್ರಿ."

ಅವರು ಸಹಿ ಹಾಕುವವರೇ ಇದ್ದರು. ಅಕ್ಕ ಕೈ ಅಡ್ಡ ಇಟ್ಟಳು.

"ಇದಕ್ಕೆ ಹಾಕಬ್ಯಾಡ್ರಿ. ಅವತ್ತು ನೀವು ತೊಟ್ಟಿಲು ಕಟ್ಟಿಕೊಟ್ರಿ, ನಾನು ಏನೂ ತಿಳೀದೆ ಬಗ್ಗಿದೆ. ಇವತ್ತು ತಿಳಿದೂ ಹೆಂಗೆ ಬಗ್ಗಲಿ?"

"ಅಕ್ಕಾರೇ, ನೀವು ಇಟ್ಟ ಹೆಸರಿಗೇನಾಗೈತೆ? ಚಂದ ಐತೆ. ನಾನೂ ಅದ್ರಾಗೇ ಕರೀತೀನಿ."

"ಮತ್ತೆ ಕಚೇರಿಯಲ್ಲಿ ಬರೆಸಿದ್ದನ್ನ ಯಾಕೆ ಅವತ್ತೇ ಹೋಗಿ ಬದಲಾಯಿಸಿ ಬರಲಿಲ್ಲ ಮಾವ?" ಎಂದೆ ನಾನು. ಕೇಳಬಾರದಿತ್ತೇನೋ. ಆದರೆ ನನ್ನ ಕಸುಬೇ ಅದು.

ಹೆಸರಿಡುವ ಹಿಂದಿನ ದಿನವೇ ಬೇರೆ ಯಾವುದೋ ಕೆಲಸಕ್ಕೆ ಕಚೇರಿಗೆ ಹೋದವರು ಹೆಸರನ್ನೂ ಬರೆಸಿ ಬಂದಿದ್ದರಂತೆ. "ಬದಲಿಸಾಕೆ ಒಂದಿನ ಹೋದೆ. ಬಾಗಿಲತನಕ ಹೋಗಿ ವಾಪಸ್ ಬಂದೆ. ಎಲ್ಲಾರ ಒಂದ್ಕಡೆ ಇರ್ಲಿ ಅನ್ನಿಸ್ತು. ನಮ್ಮವ್ವನ ಹೆಸರು ಯಾವ ಪುಸ್ತಕದಾಗೂ ಇರಲಿಲ್ಲ ನೋಡ್ರಿ. ಹೊಲ ಇಲ್ಲ, ಮನಿ ಇಲ್ಲ, ಯಾರು ಬರಕೋತಾರೆ?"

ಆ ಮಧ್ಯಾಹ್ನ ಗೊಬ್ಬರದ ಚೀಲದ ಮೇಲೆ ಕಾಗದವಿಟ್ಟು ನಾನು ಹೊಸದಾಗಿ ಬರೆದೆ. ಮೊದಲು ಅಜ್ಜ ಒಂದು ಹೆಸರು ಬರೆಸಿ, ಮರುದಿನ ತೊಟ್ಟಿಲಿನಲ್ಲಿ ಅದನ್ನೇ ಇಟ್ಟರು. ಅದೇ ದಿನ ಸೋದರತ್ತೆ ಬಂದ ಮೇಲೆ ಅಜ್ಜನ ಒಪ್ಪಿಗೆಯಿಂದಲೇ ಮತ್ತೊಮ್ಮೆ ಹೆಸರಿಡುವ ಶಾಸ್ತ್ರವಾಯಿತು. ಎರಡನೆಯ ಹೆಸರೇ ಬಳಕೆಗೆ ಬಂತು. ತಪ್ಪು ಎಂಬ ಪದ ಎಲ್ಲೂ ಬರಲಿಲ್ಲ. ಮಾವ ಓದಿ, "ಹಿಂಗೇ ಆಗಿದ್ದು" ಎಂದು ಸಹಿ ಹಾಕಿದರು. ಕಚೇರಿ ಇದನ್ನು ಒಪ್ಪದಿದ್ದರೆ ಮೊದಲಿನದಕ್ಕೇ ಸಹಿ ಹಾಕುವುದೆಂದು ಅದನ್ನೂ ಮಡಚಿ ತಮ್ಮ ಜೇಬಿನಲ್ಲಿಟ್ಟುಕೊಂಡರು. ನಾನು ವರ್ಷಗಟ್ಟಲೆ ಬರೆದ ಲೇಖನಗಳಲ್ಲಿ ಯಾವುದಕ್ಕೂ ಆ "ಹಿಂಗೇ ಆಗಿದ್ದು" ಎಂಬ ಮಾತು ಸಿಕ್ಕಿರಲಿಲ್ಲ. ಅದೂ ನಾನು ಕಣ್ಣಾರೆ ಕಾಣದ ಸಂಗತಿಗೆ.

ಹೊನ್ನಾಳಿಗೆ ಎರಡನೆಯ ಸಾಕ್ಷಿಯಾಗಿ ನ್ಯಾಮತಿಯ ಪಕ್ಕದ ಮನೆಯ ಮುದುಕಿಯನ್ನೂ ಕರೆದುಕೊಂಡು ಹೋದೆವು. ವಿಭಾಗದ ಹೆಣ್ಣುಮಗಳು ಇಬ್ಬರನ್ನೂ ನೋಡಿ ಕೇಳಿದರು, "ನಿಮಗೆ ಈ ವಿಷಯ ಹೆಂಗೆ ಗೊತ್ತು?"

"ಗುದ್ದಿಸಿಕೊಂಡೋಳು ನಾನು, ಗುದ್ದಿದೋಳು ಇವಳು" ಎಂದಳು ಅಕ್ಕ. "ಇನ್ನೇನು ಸಾಕ್ಷಿ ಬೇಕ್ರಿ?"

"ನಾನು ಮೆತ್ತಗೇ ಗುದ್ದಿದ್ದೆ" ಎಂದಿತು ಮುದುಕಿ.

"ಹೂಂ, ವಾರ ಮಗ್ಗಲು ಹೊರಳಾಕೆ ಆಗಿರಲಿಲ್ಲ."

ಆ ಹೆಣ್ಣುಮಗಳು ತಲೆ ತಗ್ಗಿಸಿ ನಕ್ಕರು. ಆಕೆಯೂ ಯಾರಿಗೋ ಸೋದರತ್ತೆಯೇ ಇರಬೇಕು. ಆದರೆ ಅಫಿಡವಿಟ್ ಓದಿದಾಗ ಹುಬ್ಬು ಗಂಟಾಯಿತು. "ತಪ್ಪು ಅಂತ ಎಲ್ಲೂ ಇಲ್ವಲ್ರಿ?" ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದರು. ಮಾವನ ಕೈ ಜೇಬಿನ ಮೇಲೆ ಹೋಯಿತು. 

"ನಡೀತದಂತೆ" ಎಂದರು ಆಕೆ ಬಂದು. "ಬಳಕೆಯ ಹೆಸರು ಬೇರೆ ಅಂತ ಸಾಬೀತಾದ್ರೆ ಸಾಕಂತೆ. ವಿಚಾರಣೆ ಮುಗಿಸಿ ಫೋನ್ ಮಾಡ್ತೀವಿ."

ಫೋನ್ ಬಂತು, ಪರಿಶೀಲನೆಯ ದಿನಕ್ಕಿಂತ ಮೊದಲೇ ಬಂತು. ಮತ್ತೆ ಎಲ್ಲರೂ ಹೋದೆವು. ಬರಲೇಬೇಕಾದ ಕಾರಣವಿಲ್ಲದಿದ್ದರೂ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹಳೆಯ ಪುಸ್ತಕ ತೆರೆದಿತ್ತು. ಮುತ್ತಜ್ಜಿಯ ಹೆಸರು ಮಸುಕಾದ ನೀಲಿ ಶಾಯಿಯಲ್ಲಿ ಹಾಗೇ ಇತ್ತು. ಪಕ್ಕದ ಖಾಲಿ ಜಾಗದಲ್ಲಿ ಹೊಸ ಶಾಯಿಯಲ್ಲಿ ಅಕ್ಕ ಇಟ್ಟ ಹೆಸರು, ಕೆಳಗೆ ಸಹಿ, ತಾರೀಖು.

"ಇದನ್ನ ಯಾವಾಗ ಹೊಡೆದು ಹಾಕ್ತೀರಿ?" ಎಂದು ಮಾವ ಹಳೆಯ ಹೆಸರನ್ನು ತೋರಿಸಿದರು.

"ಹೊಡೆದು ಹಾಕಾಕೆ ಬರಲ್ಲ ಅಜ್ಜಾ. ಮೊದಲು ಬರೆದಿದ್ದು ಮುಟ್ಟಂಗಿಲ್ಲ, ಬದಿಗೆ ಬರೀಬೇಕು ಅಷ್ಟೇ. ಕಾನೂನೇ ಹಂಗೈತೆ. ಸರ್ಟಿಫಿಕೇಟಿನಾಗೆ ಹೊಸಾದೊಂದೇ ಬರ್ತದೆ. ಪುಸ್ತಕದಾಗೆ ಎರಡೂ ಇರ್ತಾವೆ."

ಮಾವ ಬಹಳ ಹೊತ್ತು ಬಗ್ಗಿ ನೋಡಿದರು. ಎದ್ದಾಗ ಜೇಬಿನಿಂದ ಆ ಮಡಚಿದ ಕಾಗದ ತೆಗೆದು, ಹರಿದು, ಮೂಲೆಯ ಬುಟ್ಟಿಗೆ ಹಾಕಿದರು. "ಅವ್ವ ಉಳಕೊಂಡ್ಲು" ಎಂದಷ್ಟೇ ಹೇಳಿದರು.

ಯಾರು ಬರೆದ ಕಾನೂನೋ ಅದು, ನನಗೆ ಗೊತ್ತಿಲ್ಲ. ಕಚೇರಿಗಳ ಬಗ್ಗೆ ನನಗಿರುವ ಅನುಮಾನಗಳೆಲ್ಲ ಇನ್ನೂ ಇವೆ. ಆದರೂ ಮೊದಲು ಬರೆದದ್ದನ್ನು ಅಳಿಸದೆ ಪಕ್ಕದಲ್ಲಿ ಜಾಗ ಕೊಡಬೇಕೆಂದು ಯೋಚಿಸಿದ ಆ ಯಾರಿಗೋ ನಾನು ಕೃತಜ್ಞ. ಮಾತಿಲ್ಲದೆ ಹಗ್ಗ ತಂದು ತೊಟ್ಟಿಲು ಕಟ್ಟಿದ ಮಾವನಿಗೆ, ಅದನ್ನು ವರ್ಷಗಟ್ಟಲೆ ಬಾಯಿ ಬಿಡದೆ ಉಳಿಸಿಕೊಂಡ ಅತ್ತೆಗೆ ಎಷ್ಟು ಎಂದು ಹೇಳಲು ನನ್ನಲ್ಲಿ ಪದಗಳಿಲ್ಲ. ನನಗೆ ಕಾಣದಂತೆ ನಡೆದ ಒಳ್ಳೆಯದರ ಮೇಲೆಯೇ ನನ್ನ ಸಂಸಾರ ಇಷ್ಟು ದಿನ ನಡೆದಿದೆ.

ಹೊರಗೆ ಮೆಟ್ಟಿಲ ಮೇಲೆ ಮಗಳು ಪ್ರಮಾಣಪತ್ರವನ್ನು ಅಮ್ಮನ ಕೈಗೆ ಕೊಟ್ಟು, ಹಿಂದಿನಿಂದ ಬಂದು ಅಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಅಯ್ಯಯ್ಯೋ, ಇದ್ಯಾಕೆ?"

"ಮುತ್ತಜ್ಜಿ ಹೆಸರಿಂದು ಬಾಕಿ ಇತ್ತಲ್ಲತ್ತೆ."

ಮಾವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಈ ಸದ್ದನ್ನು ಮಾತ್ರ ನಾನೇ ಕೇಳಿದ್ದು ಎಂದು ಬರೆಯಬೇಕೆಂದಿದ್ದೆ. ಇದನ್ನು ಓದಿದ ಹೆಂಡತಿ, ನೀವಾಗ ಝೆರಾಕ್ಸ್ ಮಾಡಿಸಲು ಹೋಗಿದ್ದಿರಿ ಎನ್ನುತ್ತಾಳೆ. ಇರಬಹುದು. ಅವಳ ಮಾತನ್ನು ಬದಿಯಲ್ಲಿ ಬರೆದುಕೊಂಡಿದ್ದೇನೆ. ನನ್ನದನ್ನು ಹೊಡೆದು ಹಾಕಿಲ್ಲ.